ತೊಗಟೆ ತೊಳೆಯುವವಳು

ಬೇಸಿಗೆಯ ಮೂರು ತಿಂಗಳು ನನ್ನ ಕೆಲಸ ಇಷ್ಟೇ:
ಬೆಚ್ಚಗಿನ ನೀರು, ಮೆತ್ತನೆಯ ಕುಂಚ,
ಕೆಸರು ಮೆತ್ತಿದ ಭೂರ್ಜದ ತೊಗಟೆ.
ಉಳಿದ ಒಂಬತ್ತು ತಿಂಗಳು ಬ್ರೆಡ್ ಕಾರ್ಖಾನೆ.
ಎರಡು ಕಡೆಯೂ ಕೈಗೆ ಹದ ಗೊತ್ತಿರಬೇಕು.

ನಮ್ಮೂರು ನವ್ಗೊರೊದ್. ಅಂದರೆ ಹೊಸ ಊರು.
ಮೊಮ್ಮಕ್ಕಳ ಮಕ್ಕಳನ್ನು ಕಂಡ ಮುದುಕಿಯನ್ನು
ಇನ್ನೂ ಹೊಸ ಸೊಸೆ ಎಂದೇ ಕರೆದಂತೆ.

ಇಲ್ಲಿ ಅಗೆದರೆ ಬೀದಿ ಸಿಗುತ್ತದೆ,
ಪೈನ್ ದಿಮ್ಮಿ ಸೀಳಿ ಹಾಸಿದ ಬೀದಿ.
ಅದರಡಿ ಇನ್ನೊಂದು, ಅದರಡಿ ಮತ್ತೊಂದು.
ಕೆಸರೇರಿದಾಗ, ಬೆಂಕಿ ಬಿದ್ದಾಗ
ಹಳತರ ಮೇಲೇ ಹೊಸತು ಹಾಸಿದರು,
ಯಾರೂ ಕೆಳಗಿನದನ್ನು ಕಿತ್ತೆಸೆಯಲಿಲ್ಲ.
'ಸೋಮಾರಿಗಳು' ಎನ್ನುತ್ತಾನೆ ಯೆರ್ಮೊಲಾಯ್,
ಗುದ್ದಲಿಗೆ ಒರಗಿ ಸಿಗರೇಟು ಹಚ್ಚುತ್ತ.
ಇದ್ದೀತು. ಸೋಮಾರಿತನದಿಂದಲೂ
ಎಷ್ಟೋ ಉಳಿಯುತ್ತದೆ ಲೋಕದಲ್ಲಿ.

ಗುಂಡಿಯ ಅಂಚಿನಲ್ಲಿ ಇಬ್ಬರು ಪಂಡಿತರು,
ಹನ್ನೊಂದು ಬೇಸಿಗೆಯಿಂದ ಒಂದೇ ಜಗಳ:
ನಾವು ಎಲ್ಲಿಂದ ಬಂದವರು?
ಕಡಲಾಚೆಯಿಂದ, ಉದ್ದ ದೋಣಿಗಳಲ್ಲಿ,
ಎನ್ನುತ್ತಾರೆ ವೆನಿಯಮೀನ್ ಸಾವಿಚ್.
ಅಲ್ಲವೇ ಅಲ್ಲ, ತೆಂಕಣದ ಹೊಳೆಯ ದಂಡೆಯಿಂದ,
ಎನ್ನುತ್ತಾರೆ ಇನ್ನೊಬ್ಬರು, ಗಡ್ಡ ನೀವುತ್ತ.
ಆ ಹೊಳೆಯ ಹೆಸರು ಬಂದರೆ ಈಗೀಗ
ಇಬ್ಬರೂ ದನಿ ತಗ್ಗಿಸುತ್ತಾರೆ.
ಯೆರ್ಮೊಲಾಯನ ಮಗ ಆ ಕಡೆ ಇದ್ದಾನೆ.
ತಿಂಗಳಿಗೊಮ್ಮೆ ಫೋನು. ಎಲ್ಲಿದ್ದೀಯ ಎಂದು ಕೇಳುವಂತಿಲ್ಲ,
ಕೇಳಿದರೂ ಹೇಳುವಂತಿಲ್ಲ.
'ಊಟ ಆಯಿತಾ' ಎನ್ನುತ್ತಾನೆ ಅಪ್ಪ.
'ಆಯಿತು' ಎನ್ನುತ್ತಾನೆ ಮಗ.

ಇವತ್ತು ಮಧ್ಯಾಹ್ನ ಸಿಕ್ಕ ತೊಗಟೆ
ಅಂಗೈಯಷ್ಟು, ಸುಟ್ಟ ಹಪ್ಪಳದಂತೆ ಸುರುಳಿ.
ನೀರಲ್ಲಿ ಬಿಟ್ಟೆ. ಮೆಲ್ಲಗೆ ಮೈಸಡಿಲಿಸಿತು,
ಎಷ್ಟೋ ನೂರು ವರ್ಷದ ಮುನಿಸು ಬಿಟ್ಟಂತೆ.
ಶಾಯಿಯಿಲ್ಲ ಇದರಲ್ಲಿ, ಎಲುಬಿನ ಕಂಟದ ಗಾಯವಷ್ಟೆ.
ಗಾಯವನ್ನು ಓದಿದರು ಪಂಡಿತರು, ಜಗಳ ಮರೆತು:

*ನೆಜಾತನಿಂದ ಮಿಲೂಷಾಳಿಗೆ. ಉಪ್ಪು ಕೊಂಡೆ,
ಅರ್ಧ ಸಾಲ. ಬಂದರೆ ರಾತ್ರಿಯೇ ಬಂದೇನು.
ನಾಯಿಯನ್ನು ಕಟ್ಟಬೇಡ, ಅದಕ್ಕೆ ನನ್ನ ಗುರುತಿದೆ.
ನಾನೀಗ ಇರುವುದು*

ಅಲ್ಲಿಗೆ ಹರಿದಿದೆ.

ನನ್ನ ಅಜ್ಜಿ ಫೆವ್ರೋನ್ಯಾಳ ಪೆಟ್ಟಿಗೆಯಲ್ಲೂ
ಒಂದು ಕಾಗದವಿತ್ತು, ಮುಕ್ಕೋನೆ ಮಡಿಸಿದ್ದು.
ಯುದ್ಧದ ಎರಡನೇ ಚಳಿಗಾಲ, ಅಜ್ಜ ಬರೆದದ್ದು:
ಬೂಟು ಒಣಗಿದೆ, ಹಲ್ಲುನೋವು ಇಳಿದಿದೆ,
ನಾವಿರುವುದು... ಆಮೇಲೆ ಕಪ್ಪು ಪಟ್ಟಿ.
ಯಾವನೋ ಅಧಿಕಾರಿ ಮಸಿ ಬಳಿದ ಆ ಜಾಗವನ್ನು
ಅಜ್ಜಿ ದೀಪಕ್ಕೆ ಹಿಡಿದು ನೋಡುತ್ತಿದ್ದಳು
ಸಾಯುವ ವರ್ಷದವರೆಗೂ.
ಅಜ್ಜ ಅಲ್ಲೇ ಇದ್ದಾನೆ ಈಗಲೂ,
ಆ ಕಪ್ಪಿನೊಳಗೆ, ಎರಡು ಬೆರಳಿನಷ್ಟು ಜಾಗದಲ್ಲಿ.

ಗುಳೆ ಹೋದವಳು ಉರಾಲ್ ಬೆಟ್ಟದಾಚೆಯಿಂದ ಮರಳಿದಾಗ
ಅವಳ ಕೈಯಲ್ಲಿ ಬೀಗದ ಕೈ ಇತ್ತಂತೆ.
ಬಾಗಿಲಿರಲಿಲ್ಲ. ಗೋಡೆಯಿರಲಿಲ್ಲ.
ಹಿಮದ ನಡುವೆ ಇಟ್ಟಿಗೆಯ ಒಲೆಯೊಂದು ನಿಂತಿತ್ತು,
ಬದಿಯಲ್ಲಿ ಅವಳೇ ಸಾರಿಸಿದ ಸುಣ್ಣ.
ಅಲ್ಲೇ ಸೌದೆ ಹೊತ್ತಿಸಿದಳು, ಬಟ್ಟಬಯಲಲ್ಲಿ,
ಹೊಗೆ ನೋಡಿ ಇಬ್ಬರು ನೆರೆಯವರು ಬಂದರು.

ರೇಡಿಯೋ ದಿನಕ್ಕೆ ಹತ್ತು ಸಲ ತಾಯ್ನಾಡು ಎನ್ನುತ್ತದೆ.
ಅಜ್ಜಿಯ ಬಾಯಲ್ಲಿ ಆ ಮಾತು ಕೇಳಿದ ನೆನಪಿಲ್ಲ.
'ನಮ್ಮ ಕಡೆ' ಎನ್ನುತ್ತಿದ್ದಳು.
ನಮ್ಮ ಕಡೆ ಅಣಬೆಗೆ ಸಬ್ಬಸಿಗೆ ಹಾಕುತ್ತಾರೆ.
ನಮ್ಮ ಕಡೆ ವೋಲ್ಖೊವ್ ಹೊಳೆ ಒಮ್ಮೊಮ್ಮೆ
ಹಿಂದಕ್ಕೆ ಹರಿಯುತ್ತದೆ.
(ನಿಜ. ನಾನೇ ನೋಡಿದ್ದೇನೆ.)

ಸಂಜೆ ತೊಗಟೆಯನ್ನು ಎರಡು ಗಾಜಿನ ನಡುವೆ ಒತ್ತಿಟ್ಟೆವು,
ಮತ್ತೆ ಸುರುಳಿ ಸುತ್ತಿಕೊಳ್ಳದ ಹಾಗೆ.
ಪಟ್ಟಿಯಲ್ಲಿ ಸಂಖ್ಯೆ ಬರೆದರು, ಆಳ ಬರೆದರು.
'ಎಲ್ಲಿಂದ ಕಳಿಸಿದ್ದು' ಎಂಬಲ್ಲಿ
ವೆನಿಯಮೀನ್ ಸಾವಿಚ್ ಪೆನ್ಸಿಲ್ ಹಿಡಿದು ತುಸು ನಿಂತು
ಒಂದು ಗೆರೆ ಎಳೆದರು.

ಎಲ್ಲರೂ ಹೊರಟ ಮೇಲೆ ಯೆರ್ಮೊಲಾಯ್ ಬಂದ.
ಓದು ಬರಹದ ಗೊಡವೆ ಅವನಿಗೆ ಎಂದೂ ಇಲ್ಲ.
'ಇನ್ನೊಮ್ಮೆ ಹೇಳು' ಎಂದ, 'ಆ ನಾಯಿಯ ಸಾಲು.'

ಹೇಳಿದೆ.
ಬಕೆಟ್ಟಿನ ನೀರು ತಣ್ಣಗಾಗಿತ್ತು.
ಚೆಲ್ಲಿದೆ, ಬೀದಿಯ ಮೇಲಿನ ಬೀದಿಯ ಮೇಲೆ.