ಎಂಟು ಎಣಿಸುವಷ್ಟರಲ್ಲಿ

ನಮ್ಮೂರ ಹೊಳೆಗೆ ಕಾಲಿಬೆನಿಂಗ್ ಎಂದು ಹೆಸರು,
ಜಾವಾದ ಮಾತಲ್ಲಿ ತಿಳಿನೀರ ಹೊಳೆ.
ಹೆಸರಿಟ್ಟವರು ನಮಗಿಂತ ಮೊದಲೇ ಸತ್ತದ್ದು ಒಳ್ಳೆಯದಾಯಿತು.
ಮೂವತ್ತಾರು ಮನೆ, ಮೂವತ್ತಾರು ಒಲೆ,
ಸೋಯಾ ನೆನೆಸಿ, ಅರೆದು, ಕುದಿಸಿ, ಸೋಸಿ
ಒಡೆದ ಹಾಲನ್ನು ಹಲಗೆಯಡಿ ಒತ್ತಿ
ಬಿಳಿ ತಾಹು ಪೇಟೆಗೆ,
ಹಳದಿ ಹುಳಿನೀರು ಹೊಳೆಗೆ.
ಅದರಲ್ಲಿ ನನ್ನ ಪಾಲು ದಿನಕ್ಕೆ ನಲವತ್ತು ಬಿಂದಿಗೆ.
ಸುಳ್ಳು ಹೇಳಲಾರೆ.

ಕಿನಾಂತಿ ಬಂದಳು ಸ್ಕೂಟರಿನಲ್ಲಿ, ವಿಶ್ವವಿದ್ಯಾಲಯದ ಹುಡುಗಿ,
ಮೊಣಕಾಲಿನವರೆಗೆ ಬೂಟು.
ಹೊಳೆಯ ತಳದ ಕರಿ ಕೆಸರು ಬಗೆದು
ಡಬ್ಬಿಗಳಿಗೆ ತುಂಬಿದಳು
ನೆಂಟರಿಗೆ ಬಡಿಸುವಷ್ಟು ಜೋಪಾನವಾಗಿ.
ಎಂಟು ಡಬ್ಬಿ. ಒಂದರ ಬಾಲದಿಂದ ಇನ್ನೊಂದರ ಬಾಯಿಗೆ ತಂತಿ,
ಕೊನೆಗೆ ಕಡಲೆಕಾಳಿನಷ್ಟು ಒಂದು ದೀಪ.

"ಇದರೊಳಗೆ ಜೀವ ಇದೆ ದೊಡ್ಡಮ್ಮ, ಕಣ್ಣಿಗೆ ಕಾಣದ್ದು.
ಗಾಳಿಯಿಲ್ಲದ ಕತ್ತಲಲ್ಲಿ ನಿಮ್ಮ ಹುಳಿನೀರು ಉಣ್ಣುತ್ತದೆ.
ಉಂಡ ಮೇಲೆ ಉಸಿರು ಬಿಡಬೇಕಲ್ಲ,
ಗಾಳಿಗೆ ಬಿಡಲಾರದ್ದನ್ನು ಈ ಇದ್ದಿಲ ಬಟ್ಟೆಗೆ ಬಿಡುತ್ತದೆ.
ಅದು ತಂತಿ ಹಿಡಿದು ನಡೆದು ಆಚೆ ಬದಿಯ ಗಾಳಿ ಸೇರುತ್ತದೆ.
ದಾರಿಯಲ್ಲಿ ಸಿಕ್ಕಿದ್ದೇ ದೀಪ."

ನನ್ನ ಗಂಡ ಪಾರ್ಮಿನ್ ನಕ್ಕದ್ದು ಆಚೆ ದಡಕ್ಕೆ ಕೇಳಿತು.
"ಉಂಡು ಉಸಿರು ಬಿಟ್ಟರೆ ಕರೆಂಟಾಗುವುದಾದರೆ
ನಮ್ಮೂರ ಸಭೆಯಿಂದ ಅರ್ಧ ಜಾವಾ ಬೆಳಗೀತು."

ಹನ್ನೊಂದು ದಿನ ಏನೂ ಇಲ್ಲ.
ಹನ್ನೆರಡನೆಯ ಬೆಳಗಿನ ಜಾವ, ಒಲೆಗೆ ಹೊಟ್ಟು ತುಂಬುವಾಗ
ಚರಂಡಿಯ ಬದಿ ಏನೋ ಮಿಟುಕಿತು.
ಮಿಣುಕುಹುಳವೆಂದುಕೊಂಡೆ.
ಅದೇ ಜಾಗದಲ್ಲಿ ಮತ್ತೆ.
ಮಿಣುಕುಹುಳ ಒಂದೇ ಕಡೆ ಕೂತು ಕೆಲಸ ಮಾಡುವುದಿಲ್ಲ.

ಇಷ್ಟಿಷ್ಟೇ ಕೂಡಿಟ್ಟು ಒಮ್ಮೆಗೇ ಚೆಲ್ಲುತ್ತದಂತೆ.
ಎಣಿಸಿದೆ: ಎಂಟು.
ಕಡಾಯಿ ತಿರುವುತ್ತ ಎಂಟು, ಬಟ್ಟೆ ಹಿಂಡುತ್ತ ಎಂಟು.
ಈ ಬೆಳಕಲ್ಲಿ ಸೂಜಿಗೆ ದಾರ ಪೋಣಿಸಲಾಗದು.
ಹೊಳೆಯೂ ತಿಳಿಯಾಗದು,
ನಾನು ಚೆಲ್ಲುವುದರಲ್ಲಿ ಅವು ಕುಡಿಯುವುದು ಒಂದೆರಡು ಸೌಟು.
ಕಿನಾಂತಿಯೇ ಹೇಳಿದಳು, ಮುಖ ಸಣ್ಣದು ಮಾಡಿಕೊಂಡು.

ಆಮೇಲೆ ಹಬ್ಬ ಬಂತು.
ತಿಂಗಳ ಉಪವಾಸ ಮುಗಿದು ಊರೆಲ್ಲ ಉಂಡಿತು
ತೆಂಗಿನ ಗರಿಯಲ್ಲಿ ಹೆಣೆದು ಬೇಯಿಸಿದ ಅನ್ನ.
ಒಲೆಗಳೆಲ್ಲ ಒಂದು ವಾರ ತಣ್ಣಗೆ.
ಕಿನಾಂತಿ ಸೊಲೋ ಕಡೆಗೆ, ತಾಯಿಮನೆಗೆ.

ಮೂರನೆಯ ರಾತ್ರಿ ನಿದ್ದೆ ಹತ್ತದೆ ಹಿತ್ತಲಿಗೆ ಬಂದೆ.
ಎಣಿಸಿದೆ. ಎಂಟು ದಾಟಿತು. ಇಪ್ಪತ್ತು. ನಲವತ್ತು.
ಅರವತ್ತಮೂರಕ್ಕೆ ಒಮ್ಮೆ,
ಜ್ವರದವರು ಕಣ್ಣು ಬಿಟ್ಟಂತೆ.

ನಮ್ಮ ಉಪವಾಸ ಮುಗಿದ ದಿನವೇ
ಅವುಗಳದ್ದು ಶುರುವಾಗಿತ್ತು,
ಸಂಜೆಯ ಬಾಂಗಿಗೆ ಮುಗಿಯುವ ಉಪವಾಸವಲ್ಲ ಅದು.

ಒಳಗೆ ನನ್ನದೊಂದು ಮಡಕೆ ಇದೆ.
ನಿನ್ನೆಯ ಹುಳಿ ಇವತ್ತಿನ ಹೆಪ್ಪು.
ಅತ್ತೆ ಕೊಟ್ಟದ್ದು, ಅವಳಿಗೆ ಅವಳತ್ತೆ.
ಪಕ್ಕದ ಮನೆಗೂ ಕೊಟ್ಟವಳಲ್ಲ ನಾನು,
ಹಬ್ಬ ಕಳೆದು ಮೊದಲ ಹಾಲು ಒಡೆಯಲು ಅದೇ ಬೇಕು.
ಮುಚ್ಚಳ ತೆಗೆದೆ. ಒಂದು ಸೌಟು.
ಪಾರ್ಮಿನ್‌ನ ಗೊರಕೆಗೆ ಕಿವಿಗೊಟ್ಟೆ. ಇನ್ನೊಂದು.

ಮಗುವಿಗೆ ಔಷಧಿ ಹಾಕುವ ಹಾಗೆ ಎಂಟು ಬಾಯಿಗೂ ಹನಿಸಿದೆ.
ಏನೂ ಆಗಲಿಲ್ಲ. ಸೊಳ್ಳೆ ಕಚ್ಚಿದವು.
ನಲವತ್ತು ವರ್ಷ ನಾನು ಎಸೆದದ್ದನ್ನು
ಅಲ್ಲಿ ಕೆಸರಲ್ಲಿ ಕೂತು ಯಾರೋ ಉಣ್ಣುತ್ತಲೇ ಇದ್ದರು,
ಉಸಿರು ಬಿಡಲು ಒಂದು ಬಟ್ಟೆಚೂರು ಕೊಟ್ಟವರಿಲ್ಲ.

ಬೆಳಗಿಗೆ ನಲವತ್ತು. ಸಂಜೆಗೆ ಹತ್ತೊಂಬತ್ತು.

ರಜೆ ಮುಗಿಸಿ ಬಂದ ಕಿನಾಂತಿ
ಮೀಟರು ನೆನಪಿಟ್ಟ ಗೆರೆ ನೋಡಿ ಹುಬ್ಬು ಗಂಟಿಕ್ಕಿದಳು.
"ಮೂರು ದಿನ ಇಳಿದದ್ದು ನಾಲ್ಕನೆಯ ದಿನ ಯಾಕೆ ಏರಿತು?
ಲೆಕ್ಕ ಕೂಡುತ್ತಿಲ್ಲ ದೊಡ್ಡಮ್ಮ."

ನಾನು ಸೋಯಾ ತೊಳೆಯುತ್ತಿದ್ದೆ.
ಹಿಂದಿನ ದಿನವಷ್ಟೇ, ಹೆಪ್ಪು ಸಾಲದೆ
ತಾಹು ಮೆತ್ತಗಾಗಿ, ಪೇಟೆಯಲ್ಲಿ ಬೈಸಿಕೊಂಡು ಬಂದಿದ್ದೆ.
ಚರಂಡಿಯಲ್ಲಿ ಹೊಸ ನೀರು ಹರಿಯುತ್ತಿತ್ತು, ಬಿಸಿಬಿಸಿ.
ಏಳಕ್ಕೇ ಮಿಟುಕಿತು.

ಬರೆದುಕೋ, ಎಂದೆ.
ಎರಡು ಸೌಟು, ನಡುರಾತ್ರಿ.