ನಲವತ್ತೊಂದನೆಯ ಗಡ್ಡೆ

ವರ್ಷದ ಅತಿ ಗಿಡ್ಡ ಹಗಲಲ್ಲಿ ನೆಡು,
ಅತಿ ಉದ್ದದ ಹಗಲಲ್ಲಿ ಕೀಳು.
ವಿಯರ್ ನದಿಯ ಈ ದಂಡೆಯಲ್ಲಿ
ಸಣ್ಣ ಈರುಳ್ಳಿಗೆ ಇಷ್ಟೇ ಪಂಚಾಂಗ.
ನನ್ನತ್ತೆ ಹ್ಯಾನಾ ಹೇಳಿದ್ದು, ಅವಳಿಗೆ ಅವಳತ್ತೆ:
ಹಿಮವಿದ್ದರೂ ಸರಿ, ಮೊಣಕಾಲಡಿ ಗೋಣಿ ಹಾಸಿಕೊಂಡು
ಕತ್ತು ಹೊರಗೆ ಕಾಣುವಷ್ಟೇ ಒತ್ತು.
ಪೂರ್ತಿ ಹೂಳಬೇಡ. ಅದೇನು ಹೆಣವೇ?

ಅವಳನ್ನು ಹೂಳಿ ಬಂದ ಸಂಜೆ
ಅಣ್ಣತಮ್ಮ ಮಂಚದಡಿಯಿಂದ ಬೂಟಿನ ಡಬ್ಬಿ ಎಳೆದರು.
ಗಡಿಯಾರ ಹಂಚಿದ್ದಾಗಿತ್ತು, ಕುರ್ಚಿ ಹಂಚಿದ್ದಾಗಿತ್ತು,
ಬಿತ್ತನೆಗೆಂದು ಅವಳು ಎತ್ತಿಟ್ಟ ಗಡ್ಡೆ ಉಳಿದಿದ್ದವು.
ನನ್ನ ಗಂಡ ಕತ್ಬರ್ಟ್‌ಗೆ ಇಪ್ಪತ್ತು.
ಮೈದುನ ಸೆಪ್ಟಿಮಸ್‌ಗೆ ಇಪ್ಪತ್ತು.
ಮೇಜಿನ ನಡುವೆ ಒಂದು.

'ನೀನೇ ತಗೋ' ಅಂದ ಇವನು.
'ನಿನ್ನ ದಾನ ಯಾರಿಗೆ ಬೇಕು' ಅಂದ ಅವನು.
ಗಣಿಯೊಳಗೆ ಒಂದೇ ದೀಪದ ಬೆಳಕಿಗೆ
ಹದಿನಾರು ವರ್ಷ ಕಲ್ಲಿದ್ದಲು ಕಡಿದವರು
ಒಬ್ಬರ ಮುಖ ಒಬ್ಬರು ಆಗಷ್ಟೇ ಕಂಡಂತೆ ನಿಂತರು.

ಬೆಳಗಾದರೆ ಮೇಜು ಖಾಲಿ.
ಅವನೇ ಕದ್ದನೆಂದು ಇವನು, ಇವನೇ ಎಂದು ಅವನು.
ಹನ್ನೊಂದು ವರ್ಷವಾಯಿತು.
ಎರಡು ಹಿತ್ತಿಲು, ನಡುವೆ ಎದೆಮಟ್ಟದ ಗೋಡೆ.

ಗೋಡೆಗೆ ಬೆಲೆ ಕೊಡದ್ದು ಒಂದು ಹಕ್ಕಿ,
ಕಪ್ಪು ಮೈ, ಹಳದಿ ಕೊಕ್ಕು.
ಒಣಗಿದ ಕತ್ತನ್ನು ಹುಲ್ಲೆಂದು ಹಿಡಿದು ಜಗ್ಗುತ್ತದೆ,
ಭಾರವೆನಿಸಿದಲ್ಲಿ ಬಿಸಾಡುತ್ತದೆ,
ಆಚೆಯದನ್ನು ಈಚೆ, ಈಚೆಯದನ್ನು ಆಚೆ.
ಗಂಡಸರು ಏಳುವ ಮೊದಲು
ರಾತ್ರಿಯಂಗಿಯ ಮೇಲೆ ಕೋಟು ತೊಟ್ಟು
ಎರಡೂ ಕಡೆ ಮತ್ತೆ ಒತ್ತಿ ಬರುತ್ತೇನೆ.
ಯಾವುದು ಯಾರದೆಂದು ಹೇಗೆ ಗುರುತು?
ಒಂದೇ ಡಬ್ಬಿಯವು, ಅದೇ ತಾಮ್ರದ ಸಿಪ್ಪೆ,
ಮುಟ್ಟಿದರೆ ಸಿಡುಕುವ ಅದೇ ಸದ್ದು.

ಆಗಸ್ಟಿನ ಪ್ರದರ್ಶನದಲ್ಲಿ ಮಿಸ್ ಪ್ರೌಡ್‌ಲಾಕ್
ಹಿತ್ತಾಳೆಯ ಬಳೆಯೊಂದನ್ನು ಹಿಡಿದು ಬರುತ್ತಾಳೆ.
ಉಪ್ಪಿನಕಾಯಿಯ ಗಡ್ಡೆ ಅದರೊಳಗೆ ತೂರಬೇಕು,
ಕೂದಲೆಳೆ ದಪ್ಪವಾದರೂ ತಟ್ಟೆ ಹೊರಗೆ.
ಮರಳ ಮೇಲೆ ಹನ್ನೆರಡು, ಪಕ್ಕದಲ್ಲಿ ಹನ್ನೆರಡು.
'ಒಬ್ಬರೇ ಎರಡು ತಟ್ಟೆ ಇಡುವಂತಿಲ್ಲ' ಅಂದಳು, ಗಟ್ಟಿಯಾಗಿ.
ಇಬ್ಬರ ಕಿವಿಯೂ ಕೆಂಪಾದವು, ಒಂದೇ ನಮೂನೆ ಕಿವಿ.
ಇಬ್ಬರಿಗೂ ಎರಡನೆಯ ಬಹುಮಾನ.
ಮೊದಲನೆಯದು ಹೊಸ ಪೋಸ್ಟ್‌ಮ್ಯಾನಿಗೆ;
ಅವನು ಬಿತ್ತನೆಯನ್ನು ಅಂಗಡಿಯಲ್ಲಿ ಕೊಂಡಿದ್ದ.

ನಾನು ಹೇಳಿಲ್ಲ.
ಆ ಸಂಜೆ ಒಬ್ಬ ಅಂಗಳದಲ್ಲಿ ಆರಿದ ಪೈಪು ಸೇದುತ್ತಿದ್ದ,
ಒಬ್ಬ ಯಾರಿಗೂ ಬೇಡದ ಸೌದೆ ಸೀಳುತ್ತಿದ್ದ,
ಒಲೆಯ ಮೇಲೆ ಬಾರ್ಲಿ ಸಾರು, ರುಚಿಗೆ ಏನೋ ಕಡಿಮೆ.
ಸುಲಿದೆ. ಹೆಚ್ಚಿದೆ.
ಎಲ್ಲರೂ ಅತ್ತ ದಿನ
ನನ್ನ ಕಣ್ಣೀರಿಗೆ ಕಾರಣ ಕೇಳುವವರಾರು?
ಬ್ರೆಡ್ಡಿನ ಅಂಚಿನಿಂದ ಬಟ್ಟಲು ಒರೆಸಿ ಉಂಡರು ಇಬ್ಬರೂ.
ಗಡ್ಡೆಯನ್ನೇನೋ ಹೊಟ್ಟೆಗೆ ಹಾಕಿಕೊಂಡರು.
ಮಾತನ್ನು ಹಾಕಿಕೊಳ್ಳಲಿಲ್ಲ.

ಈ ಸಲ ಚಳಿಗಾಲದಲ್ಲಿ
ಹಕ್ಕಿ ಒಂದನ್ನು ಗೋಡೆಯ ನೆತ್ತಿಯ ಮೇಲೆಯೇ ಬಿಟ್ಟು ಹೋಯಿತು.
ಎತ್ತ ಇಳಿಸಲಿ?
ಬಟ್ಟೆಹಗ್ಗದ ಕಂಬದ ಬುಡದಲ್ಲಿ
ಯಾರ ಸಾಲೂ ಇಲ್ಲದ ಗೇಣು ಮಣ್ಣಿತ್ತು, ಒತ್ತಿದೆ.
ನಿನ್ನೆ ಉದ್ದದ ಹಗಲು. ಕಿತ್ತೆ. ಒಂಬತ್ತು ಮರಿ.
ಮತ್ತೆ ಎಣಿಸಿದೆ. ಒಂಬತ್ತೇ.

ನಾಲ್ಕು ಇತ್ತ, ನಾಲ್ಕು ಅತ್ತ.
ಬಾರ್ಲಿ ನೆನೆಹಾಕಿದ್ದೇನೆ,
ಬಟ್ಟಲು ಮೂರು ತೊಳೆದಿಟ್ಟಿದ್ದೇನೆ.