ನಾಲ್ಕನೇ ಪ್ರೆಸ್ಸಿನ ಪಕ್ಕದಲ್ಲಿ ಸಭೆ

ಭೋಸರಿಯ ನಮ್ಮ ಪ್ರೆಸ್ ಶಾಪಿನಲ್ಲಿ
ಮಾತೆಂದರೆ ಕೈ.
ತೋರುಬೆರಳು ತಿರುಗಿದರೆ ಶೀಟು ಮುಗಿಯಿತು,
ಹೆಬ್ಬೆರಳು ತುಟಿಗೆ ಹೋದರೆ ಚಹಾ,
ಕುತ್ತಿಗೆಗೆ ಅಂಗೈ ಅಡ್ಡ ಎಳೆದರೆ
ಸಾಹೇಬರು ಬರುತ್ತಿದ್ದಾರೆ.

ತಿಂಗಳ ಮೊದಲ ಶನಿವಾರ ಕಮಿಟಿ.
ಮೇಲಿನ ಕೋಣೆ, ಎಸಿ, ಗಾಜಿನ ಬಾಗಿಲು,
ಒಂದು ತಟ್ಟೆ ಖಾರಿ.
ಠರಾವು ಬರೆಯುವವನು ನಾನು:
ಇಂಡಿಯ ಶಾಲೆಯಲ್ಲಿ ಕಲಿತ ದುಂಡು ಕೈ
ಮರಾಠಿಯ ತಲೆಗೆರೆಗೆ ನೇತುಬಿದ್ದಿದೆ.

ಫ್ಯಾನು ಕೆಟ್ಟು ತಿಂಗಳಾಯಿತೆಂದ ದತ್ತೋಬಾ ಗಾವಡೆ.
ಅಂದನೆಂದೇ ನಾನು ತಿಳಿದಿದ್ದೆ;
ಕೂಗಿದನಂತೆ.
ಕೈಗವಸು ಹರಿದಿದೆ ಎಂದು ಶೇವಂತಾಬಾಯಿಯೂ.
ಕಾನಿಟ್ಕರ್ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ,
ಕಾಮಗಾರರು ಸಿಟ್ಟಾಗಿದ್ದಾರೆ, ಬರೆ, ಎಂದರು.
ಬರೆದೆ. ಆರು ತಿಂಗಳು
ಅದೇ ಸಾಲು.

ಏಳನೆಯ ಸಲ ಅವರು ಏನೋ ಮೆಲ್ಲಗೆ ಕೇಳಿದರು.
ದತ್ತೋಬಾ ನನ್ನ ಮುಖ ನೋಡಿದ.
ಶೇವಂತಾಬಾಯಿ ಖಾರಿ ನೋಡಿದಳು.
ಮತ್ತೆ ಕೇಳಿದರು. ನಕ್ಕರು ಇಬ್ಬರೂ,
ಹೊಸ ಬೀಗರ ಮನೆಯಲ್ಲಿ ನಗುವ ಹಾಗೆ.
ಆಗ ಸಾಹೇಬರು ರಿಜಿಸ್ಟರನ್ನು ಬಾಯಿಗೆ ಅಡ್ಡ ಹಿಡಿದು
ಇನ್ನೊಮ್ಮೆ.
ಯಾರೂ ಕದಲಲಿಲ್ಲ.
ಪ್ರಶ್ನೆ ಏನೆಂದು ನನಗೂ ಗೊತ್ತಿಲ್ಲ.
ಪುಟದಲ್ಲಿ ಆ ಜಾಗ ಇವತ್ತಿಗೂ ಖಾಲಿ.

ಮುಂದಿನ ಸಭೆ ಕೆಳಗೆ,
ನಾಲ್ಕನೇ ಪ್ರೆಸ್ಸಿನ ಪಕ್ಕ, ನಿಂತುಕೊಂಡೇ.
ಇನ್ನೂರು ಟನ್ನು ಬಿದ್ದಾಗೆಲ್ಲ
ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು.
ಬಾಯಿ ದೊಡ್ಡದಾಯಿತು, ಕತ್ತಿನ ನರ ಉಬ್ಬಿತು.
ದತ್ತೋಬಾ ಎರಡೂ ಕೈ ಆಡಿಸಿದ:
ಯಾಕ್ ಸಾಹೇಬ್ರ, ಇಷ್ಟು ಸಿಟ್ಟು?
ನನಗೆ ನಗು ಬಂತು.
ಸಾಹೇಬರಿಗೂ ಬಂತು, ತುಸು ತಡವಾಗಿ.

ಬುಡಕ್ಕೆ ರಬ್ಬರು ಹಾಸಿದ್ದಾರೆ,
ಆರರಲ್ಲಿ ಎರಡಕ್ಕೆ.
ಫ್ಯಾನು ತಿರುಗುತ್ತದೆ.
ಕಿವಿಗೆ ಕಿತ್ತಳೆ ಬಣ್ಣದ ಬೆಂಡು.
ಉಳಿದ ನಾಲ್ಕು ಬರುವ ಬಜೆಟ್ಟಿಗೆ ಅಂದಾಗ
ಶೇವಂತಾಬಾಯಿ ನನ್ನ ಪೆನ್ನು ಕಸಿದು
ಅವರ ಕೈಗೇ ಕೊಟ್ಟಳು: ತಾರೀಖು ಹಾಕ್ರಿ.
ಹಾಕಿದರು. ಆ ತಾರೀಖಿಗೆ ಇನ್ನೂ ಹನ್ನೊಂದು ದಿನ.
ನೋಡೋಣ.

ಹೋದದ್ದು ವಾಪಸು ಬರುವುದಿಲ್ಲವೆಂದರು
ತಪಾಸಣೆಗೆ ಬಂದ ಡಾಕ್ಟರು,
ಚೀಟಿಯಲ್ಲಿ ಬರೆದು.

ಮೊನ್ನೆ ಸೇರಿದ ಹುಡುಗ, ಅವಧೂತ,
ಎರಡನೇ ಪ್ರೆಸ್ಸಿನವನು.
ಹೆಬ್ಬೆರಳು ತುಟಿಗೊಯ್ದು ಚಹಾಕ್ಕೆ ಕರೆದೆ.
ಬಾಯಿಲೇ ಹೇಳ್ರಿ ಕಾಕಾ, ಎಂದ,
ನನಗೆ ಕೇಳಸ್ತದ.

ಎಂದಿರಬೇಕು.
ತುಟಿ ನೋಡಿ ಓದಿಕೊಂಡೆ.